ಆಬರ್ನ್ ಬೀದಿಯ ಅಪ್ಪ

ಸಭೆಯ ಮೇಲ್ವಿಚಾರಣೆ ವಹಿಸುವವನು ಎಂಥವನಿರಬೇಕು ಎಂಬುದಕ್ಕೆ ತಿಮೊಥೆಗೆ ಬರೆದ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ ಒಂದು ಪಟ್ಟಿಯಿದೆ. ಕುಡುಕನಿರಬಾರದು, ಜಗಳಗಂಟನಿರಬಾರದು, ದುಡ್ಡಿನ ಹಿಂದೆ ಬಿದ್ದವನಿರಬಾರದು. ಯಾವ ಊರಿನ ಪಂಚಾಯಿತಿಯಾದರೂ ತನ್ನ ಯಜಮಾನನಿಂದ ಬಯಸುವ ಗುಣಗಳೇ ಇವು. ನಡುವೆ ಬರುವ ಒಂದು ಷರತ್ತು ಮಾತ್ರ ಹೆಚ್ಚು ತೂಕದ್ದು. ಸ್ವಂತ ಮನೆ ಮಕ್ಕಳನ್ನು ಸರಿದೂಗಿಸಲಾರದವನ ಕೈಗೆ ದೇವರ ಮನೆಯನ್ನು ಯಾವ ನಂಬಿಕೆಯ ಮೇಲೆ ಒಪ್ಪಿಸಬೇಕು ಎಂದು ಆ ಪತ್ರ ಕೇಳುತ್ತದೆ. ಮನೆ ಗೆದ್ದು ಮಾರು ಗೆಲ್ಲು ಎನ್ನುವ ಕನ್ನಡದವರಿಗೆ ಇದೇನೂ ಹೊಸ ಮಾತಲ್ಲ. ಸ್ವಾರಸ್ಯವಿರುವುದು ಬೇರೆ ಕಡೆ. ಈ ಪತ್ರ ಯಾರ ಹೆಸರಿನಲ್ಲಿದೆಯೋ ಆ ಪೌಲನಿಗೆ ಹೆಂಡತಿ ಮಕ್ಕಳ ತಾಪತ್ರಯವೇ ಇರಲಿಲ್ಲ. ಕೊರಿಂಥದವರಿಗೆ ಬರೆಯುವಾಗ ತಾನು ಒಂಟಿ ಎಂದು ಅವನೇ ಹೇಳಿಕೊಂಡಿದ್ದಾನೆ. ಪರೀಕ್ಷೆ ಇಟ್ಟವನೇ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ.

ಮುಂದಿನ ಶತಮಾನಗಳಲ್ಲಿ ಸಭೆಗಳು ಈ ಷರತ್ತನ್ನು ಬಹುಮಟ್ಟಿಗೆ ಒಂದೇ ರೀತಿ ಓದಿಕೊಂಡವು. ಯಾರ ಮಾತು ಮನೆಯಲ್ಲಿ ನಡೆಯುತ್ತದೋ ಅವರ ಮಾತು ಸಭೆಯಲ್ಲೂ ನಡೆಯುತ್ತದೆ ಎಂಬುದು ಆ ಓದು. ಭಾನುವಾರ ಬೆಂಚಿನ ಮೇಲೆ ಸಾಲಾಗಿ, ಸದ್ದಿಲ್ಲದೆ ಕೂರುವ ಮಕ್ಕಳು ಅಪ್ಪನ ಯೋಗ್ಯತಾಪತ್ರವಾದರು. ಈ ಉಪನ್ಯಾಸದ ವಾದ ಅದಕ್ಕೆ ಎದುರಾದದ್ದು. ಅಪ್ಪನಾದವನು ನಾಲ್ಕು ಜನರ ಮುಂದೆ ನಿಲ್ಲಲು ಮನೆಯಲ್ಲಿ ಏನಾದರೂ ಕಲಿಯುತ್ತಾನೆಂದರೆ ಅದು ಆಜ್ಞೆ ಮಾಡುವುದನ್ನಲ್ಲ. ತನ್ನ ಬಣ್ಣವೆಲ್ಲ ಗೊತ್ತಿರುವವರ ಪ್ರಶ್ನೆಗೆ ಉತ್ತರ ಕೊಡುವುದನ್ನು ಕಲಿಯುತ್ತಾನೆ. ಹೊತ್ತು ಬಂದಾಗ ಕೈಬಿಡುವುದನ್ನೂ ಕಲಿಯುತ್ತಾನೆ.

ಸಭೆಗಳ ಆ ಓದಿನ ಬಗೆಗಿನ ಅನುಮಾನಕ್ಕೆ ಸತ್ಯವೇದವೇ ಇಂಬು ಕೊಡುತ್ತದೆ. ಶೀಲೋವಿನ ಯಾಜಕ ಏಲಿಯ ಮಕ್ಕಳಾದ ಹೊಫ್ನಿ ಮತ್ತು ಫೀನೆಹಾಸರು ಬಲಿಯ ಮಾಂಸ ಇನ್ನೂ ಬೇಯುತ್ತಿರುವಾಗಲೇ ಆಳಿನ ಕೈಗೆ ಮೂರು ಮುಳ್ಳಿನ ಕೊಂಡಿ ಕೊಟ್ಟು ಕಳಿಸಿ ಹಂಡೆಯಿಂದ ಎತ್ತಿಸಿಕೊಳ್ಳುತ್ತಿದ್ದರು. ಏಲಿ ಬೈದ, ಆದರೆ ತಡೆಯಲಿಲ್ಲ. ಆ ಮನೆಯಲ್ಲೇ ಬೆಳೆದು ಎಲ್ಲವನ್ನೂ ಕಣ್ಣಾರೆ ಕಂಡವನು ಬಾಲಕ ಸಮುವೇಲ. ಅವನ ಮಕ್ಕಳಾದರೂ ಮೇಲಾದರೆ? ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳಾಗಿ ಕೂತ ಯೋವೇಲ ಮತ್ತು ಅಬೀಯ ಲಂಚಕ್ಕೆ ಕೈಯೊಡ್ಡಿದರು. ಹಿರಿಯರೆಲ್ಲ ಸೇರಿ ಬಂದು, ನಿನಗೆ ವಯಸ್ಸಾಯಿತು, ನಿನ್ನ ಮಕ್ಕಳು ನಿನ್ನ ಹಾಗಿಲ್ಲ, ನಮಗೊಬ್ಬ ರಾಜನನ್ನು ಕೊಡು ಎಂದು ಸಮುವೇಲನ ಎದುರಿಗೇ ಕೇಳಿದರು. ಇಸ್ರಾಯೇಲಿನ ಅರಸೊತ್ತಿಗೆಯ ಬೇರಿನಲ್ಲಿ ಹೀಗೆ ಒಬ್ಬ ಅಪ್ಪನ ಸೋಲಿದೆ. ಅಷ್ಟಾದರೂ ಸೌಲನಿಗೂ ದಾವೀದನಿಗೂ ಅಭಿಷೇಕದ ಎಣ್ಣೆ ಸುರಿದ ಕೈ ಅದೇ ಸಮುವೇಲನದು. ತಿಮೊಥೆಯ ಪತ್ರದ ಷರತ್ತನ್ನು ಅಕ್ಷರಶಃ ಹಿಡಿದರೆ ಸಮುವೇಲ ಒಂದು ಸಣ್ಣ ಸಭೆಯ ಹಿರಿಯನಾಗಲೂ ಅರ್ಹನಲ್ಲ.

ಯುರೋಪಿನಲ್ಲಿ ಈ ಷರತ್ತಿಗೆ ಹೊಸ ಜೀವ ಬಂದದ್ದು ಮಾರ್ಟಿನ್ ಲೂಥರನಿಂದ. ಸನ್ಯಾಸಿಯಾಗಿದ್ದ ಅವನು 1525ರ ಜೂನ್‌ನಲ್ಲಿ, ಮಠ ಬಿಟ್ಟು ಬಂದಿದ್ದ ಕ್ಯಾಥರೀನಾ ಫಾನ್ ಬೋರಾಳನ್ನು ಮದುವೆಯಾದ. ವಿಟೆನ್‌ಬರ್ಗ್‌ನ ಹಳೆಯ ಮಠದಲ್ಲೇ ಸಂಸಾರ ಹೂಡಿ ಆರು ಮಕ್ಕಳ ತಂದೆಯಾದ. ಮದುವೆಗೆ ಮೂರು ವರ್ಷ ಮೊದಲೇ, ದಾಂಪತ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಅವನೊಂದು ಚಿತ್ರ ಕೊಟ್ಟಿದ್ದ. ಮಗುವಿನ ಹೇಲುಬಟ್ಟೆ ಒಗೆಯುವ ಗಂಡಸನ್ನು ನೋಡಿ ನೆರೆಹೊರೆ ಹೆಣ್ಣಿಗ ಎಂದು ನಗುತ್ತದೆ, ದೇವರೂ ದೇವದೂತರೂ ನಗುತ್ತಾರೆ, ಆದರೆ ಅವರದು ಸಂತೋಷದ ನಗು. 1529ರಲ್ಲಿ ಮನೆಯ ಯಜಮಾನ ಮಕ್ಕಳಿಗೂ ಆಳುಗಳಿಗೂ ಕಲಿಸಲಿ ಎಂದು ಚಿಕ್ಕ ಪ್ರಶ್ನೋತ್ತರ ಪುಸ್ತಕ ಬರೆದಾಗ ಅವನ ಹಿರಿಯ ಮಗ ಹಾನ್ಸ್‌ಗೆ ಮೂರು ತುಂಬುತ್ತಿತ್ತು. ಯಾವ ಮಾತು ಹೇಳಿದರೂ ಅದೇನು, ಯಾಕೆ ಎಂದು ಕೇಳುವ ವಯಸ್ಸು. 1542ರಲ್ಲಿ ಹದಿಮೂರರ ಮಗಳು ಮಗ್ದಲೇನಾ ಅವನ ತೋಳಿನಲ್ಲೇ ತೀರಿಕೊಂಡಳು. ಪುನರುತ್ಥಾನ ಬೋಧಿಸುತ್ತಿದ್ದ ಲೂಥರ್, ಈ ದುಃಖವನ್ನು ದಾಟಲಾಗುತ್ತಿಲ್ಲ ಎಂದು ಗೆಳೆಯನಿಗೆ ಬರೆದ.

ಇದಾಗಿ ನಾಲ್ಕು ಶತಮಾನಗಳ ಬಳಿಕ, 1934ರ ಆಗಸ್ಟಿನಲ್ಲಿ, ಅಮೆರಿಕದ ಅಟ್ಲಾಂಟಾದಿಂದ ಮೈಕಲ್ ಕಿಂಗ್ ಎಂಬ ಕಪ್ಪು ಸಭಾಪಾಲಕರು ಬ್ಯಾಪ್ಟಿಸ್ಟರ ವಿಶ್ವ ಸಮ್ಮೇಳನಕ್ಕೆಂದು ಬರ್ಲಿನ್‌ಗೆ ಬಂದರು. ಹಿಟ್ಲರ್ ಜರ್ಮನಿಯ ಅಧ್ಯಕ್ಷನ ಅಧಿಕಾರವನ್ನೂ ನುಂಗಿಕೊಂಡ ವಾರ ಅದು. ಲೂಥರನ ನಾಡನ್ನು ಕಂಡು ಊರಿಗೆ ಮರಳಿದವರು ತಮ್ಮ ಹೆಸರನ್ನೂ ಐದು ವರ್ಷದ ಮಗನ ಹೆಸರನ್ನೂ ಮಾರ್ಟಿನ್ ಲೂಥರ್ ಎಂದು ಬದಲಾಯಿಸಿಕೊಂಡರು. ಮಗ ಯಾರೆಂದು ಜಗತ್ತಿಗೆಲ್ಲ ಗೊತ್ತು. ಅಪ್ಪನ ಕಥೆ ಅಷ್ಟಾಗಿ ಗೊತ್ತಿಲ್ಲ. ಈ ವಿಷಯಕ್ಕೆ ಬೇಕಾದದ್ದು ಅಪ್ಪನ ಕಥೆಯೇ.

ಹಿರಿಯ ಕಿಂಗ್ ಹುಟ್ಟಿದ್ದು ಜಾರ್ಜಿಯಾದ ಸ್ಟಾಕ್‌ಬ್ರಿಜ್ ಎಂಬ ಹಳ್ಳಿಯಲ್ಲಿ. ತಂದೆ ಜೇಮ್ಸ್ ಆಲ್ಬರ್ಟ್ ಕಿಂಗ್ ಬಿಳಿಯರ ಜಮೀನನ್ನು ಕೋರಿಗೆ ಮಾಡುತ್ತಿದ್ದವರು. ವರ್ಷದ ಕೊನೆಗೆ ಲೆಕ್ಕ ತೀರಿಸಲು ಧಣಿಯ ಮುಂದೆ ನಿಂತಾಗ, ಹತ್ತಿಕಾಳಿನ ಹಣ ಲೆಕ್ಕಕ್ಕೇ ಬಂದಿಲ್ಲವಲ್ಲ ಎಂದು ಜೊತೆಗಿದ್ದ ಹುಡುಗ ಬಾಯಿಬಿಟ್ಟ. ಲೆಕ್ಕ ಸರಿಯಾಗಿತ್ತು. ಆದರೆ ಕಪ್ಪು ಹುಡುಗ ಬಿಳಿ ಧಣಿಯ ಲೆಕ್ಕ ತಿದ್ದುವ ಕಾಲ ಅದಲ್ಲ. ಸಂಸಾರ ಆ ಜಮೀನು ಬಿಟ್ಟು ಹೊರಡಬೇಕಾಯಿತು. ಅವಮಾನ ನುಂಗಿ ನುಂಗಿ ತಂದೆ ಕುಡಿತಕ್ಕೆ ಬಿದ್ದರು, ಕುಡಿದು ಹೆಂಡತಿಯ ಮೇಲೆ ಕೈ ಮಾಡಿದರು, ಮಗ ಅಡ್ಡ ಹೋಗಿ ಅಪ್ಪನ ಜೊತೆ ಸೆಣಸಾಡಿದ. ಕೊನೆಗೆ ಮನೆ ಬಿಟ್ಟು ಅಟ್ಲಾಂಟಾ ಸೇರಿದ. ಅಲ್ಲಿ ಶಾಲೆಗೆ ಹೋಗಿ ಕೇಳಿದರೆ, ಇಪ್ಪತ್ತರ ಆಸುಪಾಸಿನ ಆ ಯುವಕನ ಓದು ಐದನೇ ತರಗತಿಯ ಮಟ್ಟದ್ದು ಎಂದರು. ಹಗಲು ದುಡಿದು, ರಾತ್ರಿ ಓದಿ, 1930ರಲ್ಲಿ ಮೋರ್‌ಹೌಸ್ ಕಾಲೇಜಿನ ಪದವಿ ಪಡೆದರು. ಒಳ್ಳೆಯ ಅಪ್ಪಂದಿರಿಗೆ ಒಳ್ಳೆಯ ಅಪ್ಪಂದಿರೇ ಹುಟ್ಟುತ್ತಾರೆ ಎಂಬ ಭೋಳೆ ಲೆಕ್ಕ ಇಲ್ಲಿ ನಡೆಯುವುದಿಲ್ಲ.

1926ರಲ್ಲಿ ಅವರು ಎಬೆನೇಜರ್ ಬ್ಯಾಪ್ಟಿಸ್ಟ್ ಚರ್ಚಿನ ಸಭಾಪಾಲಕ ಎ. ಡಿ. ವಿಲಿಯಮ್ಸ್ ಅವರ ಮಗಳು ಆಲ್ಬರ್ಟಾರನ್ನು ಮದುವೆಯಾಗಿ, ಆಬರ್ನ್ ಬೀದಿಯ 501ನೇ ನಂಬರಿನ ಮಾವನ ಮನೆಯಲ್ಲೇ ಉಳಿದರು. ಮಾವ ಸಾಮಾನ್ಯರಲ್ಲ. ಅಟ್ಲಾಂಟಾದ ಕಪ್ಪು ಮಕ್ಕಳಿಗೆ ಹೈಸ್ಕೂಲೇ ಇಲ್ಲದ ಕಾಲದಲ್ಲಿ ಅದಕ್ಕಾಗಿ ಹೋರಾಡಿದವರಲ್ಲಿ ಅವರೂ ಒಬ್ಬರು. 1924ರಲ್ಲಿ ಬುಕರ್ ಟಿ. ವಾಷಿಂಗ್ಟನ್ ಹೈಸ್ಕೂಲು ತೆರೆಯಿತು. ಮಾವ ತೀರಿಕೊಂಡ ಮೇಲೆ, 1931ರಲ್ಲಿ, ಅಳಿಯ ಎಬೆನೇಜರ್‌ನ ಸಭಾಪಾಲಕರಾದರು. ಆ ಹೊತ್ತಿಗೆ ಮನೆಯಲ್ಲಿ ಕ್ರಿಸ್ಟೀನ್, ಮಾರ್ಟಿನ್, ಎ. ಡಿ. ಎಂಬ ಮೂರು ಮಕ್ಕಳಿದ್ದವು.

ಒಂದು ದಿನ ಅಪ್ಪ ಪುಟ್ಟ ಮಾರ್ಟಿನ್‌ನನ್ನು ಚಪ್ಪಲಿ ಅಂಗಡಿಗೆ ಕರೆದುಕೊಂಡು ಹೋದರು. ಇಬ್ಬರೂ ಮುಂದಿನ ಕುರ್ಚಿಗಳಲ್ಲಿ ಕೂತರು. ಬಿಳಿಯ ಗುಮಾಸ್ತ ಬಂದು, ವಿನಯದಿಂದಲೇ, ಹಿಂದಿನ ಸಾಲಿಗೆ ಹೋದರೆ ಶೂ ತೋರಿಸುವುದಾಗಿ ಹೇಳಿದ. ಈ ಕುರ್ಚಿಗೆ ಏನಾಗಿದೆ, ಇಲ್ಲೇ ಕೂತು ಕೊಳ್ಳುತ್ತೇವೆ, ಇಲ್ಲವಾದರೆ ಕೊಳ್ಳುವುದೇ ಇಲ್ಲ ಎಂದು ಅಪ್ಪ ಮಗನ ಕೈ ಹಿಡಿದು ಎದ್ದು ಹೊರಬಂದರು. ಈ ವ್ಯವಸ್ಥೆಯಲ್ಲಿ ಎಷ್ಟು ಕಾಲ ಬದುಕಬೇಕಾಗಿ ಬಂದರೂ ಇದನ್ನು ಒಪ್ಪುವವನಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದರು. ಇನ್ನೊಮ್ಮೆ ಕಾರು ನಿಲ್ಲಿಸಿದ ಪೊಲೀಸಿನವನು ಅವರನ್ನು ಹುಡುಗ ಎಂದು ಕರೆದ. ಪಕ್ಕದಲ್ಲಿದ್ದ ಮಗನ ಕಡೆ ಬೆರಳು ತೋರಿಸಿ, ಹುಡುಗ ಇವನು, ನಾನು ಗಂಡಸು ಎಂಬರ್ಥದ ಉತ್ತರ ಕೊಟ್ಟರು. ಪೊಲೀಸಿನವನು ಗಡಿಬಿಡಿಯಲ್ಲಿ ಚೀಟಿ ಬರೆದುಕೊಟ್ಟು ಜಾಗ ಖಾಲಿ ಮಾಡಿದ.

ಈ ಘಟನೆಗಳನ್ನು ಮಗ ದೊಡ್ಡವನಾದ ಮೇಲೆ ಪುಸ್ತಕದಲ್ಲಿ ಬರೆದ. ಅಪ್ಪ ವೇದಿಕೆಯ ಮೇಲೆ ಮಾಡಿದ ಯಾವ ಪ್ರಸಂಗವೂ ಅವನ ಮನಸ್ಸಿನಲ್ಲಿ ಇಷ್ಟು ಗಟ್ಟಿಯಾಗಿ ನಿಂತಂತೆ ಕಾಣುವುದಿಲ್ಲ. ಅಂಗಡಿಯಲ್ಲಿ ಮಗ ಪಕ್ಕದಲ್ಲಿ ಇರದಿದ್ದರೆ ಹಿರಿಯ ಕಿಂಗ್ ಹಿಂದಿನ ಸಾಲಿಗೆ ಹೋಗುತ್ತಿದ್ದರೇ? ಬಹುಶಃ ಇಲ್ಲ, ಅದು ಅವರ ಸ್ವಭಾವವಲ್ಲ. ಆದರೆ ಮಗ ಇದ್ದುದರಿಂದ ಆ ಹೊತ್ತಿನಲ್ಲಿ ಜಾರಿಕೊಳ್ಳಲು ಸಣ್ಣ ಸಂದಿಯೂ ಉಳಿದಿರಲಿಲ್ಲ. ಇದೇ ಮನುಷ್ಯ 1930ರ ದಶಕದ ನಡುವಿನಲ್ಲಿ ಮತದಾನದ ಹಕ್ಕಿಗಾಗಿ ನೂರಾರು ಜನರನ್ನು ಅಟ್ಲಾಂಟಾದ ನಗರಸಭೆಗೆ ಮೆರವಣಿಗೆಯಲ್ಲಿ ಕರೆದೊಯ್ದರು. ಕಪ್ಪು ಶಿಕ್ಷಕರಿಗೆ ಬಿಳಿಯರಷ್ಟೇ ಸಂಬಳ ಸಿಗಲೆಂದು ನಡೆದ ಹೋರಾಟದ ಮುಂಚೂಣಿಯಲ್ಲಿ ನಿಂತರು. ನ್ಯಾಯಾಲಯದ ಕಟ್ಟಡದಲ್ಲಿ ಬಣ್ಣ ನೋಡಿ ಹತ್ತಿಸುವ ಲಿಫ್ಟ್‌ಗಳು ಹೋಗಲು ಕಾರಣರಾದರು.

ಅವರನ್ನು ದೇವರ ಪಟದ ಪಕ್ಕ ನೇತುಹಾಕಬೇಕಾಗಿಲ್ಲ. ಮಕ್ಕಳಿಗೆ ಬೆಲ್ಟಿನ ಪೆಟ್ಟು ಕೊಡುತ್ತಿದ್ದ ಅಪ್ಪ ಅವರು. ಮಾರ್ಟಿನ್‌ಗೆ ಹದಿನೈದು ಆಗುವವರೆಗೂ ಅದು ನಿಲ್ಲಲಿಲ್ಲ. ಹುಡುಗ ಅಳದೆ ನಿಂತಿರುತ್ತಿದ್ದ, ಅಜ್ಜಿ ಪಕ್ಕದ ಕೋಣೆಗೆ ಹೋಗಿ ಅಳುತ್ತಿದ್ದರು. 1939ರ ಡಿಸೆಂಬರಿನಲ್ಲಿ ‘ಗಾನ್ ವಿತ್ ದ ವಿಂಡ್’ ಚಿತ್ರದ ಬಿಡುಗಡೆಯ ಸಂಭ್ರಮಕ್ಕೆ ಬಿಳಿಯರಿಗಷ್ಟೇ ಮೀಸಲಾದ ನೃತ್ಯಕೂಟ ಏರ್ಪಟ್ಟಿತು. ಅಲ್ಲಿ ಎಬೆನೇಜರ್‌ನ ಗಾಯನ ತಂಡ ಗುಲಾಮರ ವೇಷ ತೊಟ್ಟು ಹಾಡಿತು. ವೇಷ ತೊಟ್ಟವರ ನಡುವೆ ಹತ್ತು ವರ್ಷದ ಮಾರ್ಟಿನ್ ಕೂಡ ಇದ್ದ. ಚಪ್ಪಲಿ ಅಂಗಡಿಯಲ್ಲಿ ಎದ್ದು ನಡೆದ ಅಪ್ಪ ಇದಕ್ಕೆ ಹೇಗೆ ಒಪ್ಪಿದರು ಎಂದು ಊರಿನ ಬ್ಯಾಪ್ಟಿಸ್ಟ್ ಸಭಾಪಾಲಕರೇ ಅವರನ್ನು ತರಾಟೆಗೆ ತೆಗೆದುಕೊಂಡರು. ಪ್ರಶ್ನೆ ನ್ಯಾಯವಾದದ್ದೇ.

ಮಗನ ಆರನೇ ವಯಸ್ಸಿನ ಇನ್ನೊಂದು ಘಟನೆ ಅಮ್ಮನದು. ಎದುರಿನ ಅಂಗಡಿಯವನ ಮಗ, ಮಾರ್ಟಿನ್‌ನ ಆಟದ ಗೆಳೆಯ, ಇನ್ನು ಮೇಲೆ ನಿನ್ನ ಜೊತೆ ಆಡುವಂತಿಲ್ಲವಂತೆ, ನಮ್ಮಪ್ಪ ಹೇಳಿದ್ದಾರೆ ಎಂದ. ಅಳುತ್ತ ಬಂದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಗುಲಾಮಗಿರಿ ಎಂದರೇನು, ಅಂತರ್ಯುದ್ಧದಿಂದ ಅದು ಹೇಗೆ ಕೊನೆಗೊಂಡಿತು ಎಂದು ವಿವರಿಸಿದವರು ಆಲ್ಬರ್ಟಾ. ನೀನು ಯಾರಿಗೂ ಕಡಿಮೆಯಲ್ಲ ಎಂದು ಹೇಳಿದವರೂ ಅವರೇ. ಅಪ್ಪಂದಿರ ಬಗ್ಗೆ ಏರ್ಪಡುವ ಭಾಷಣಗಳಲ್ಲಿ ಇಂಥ ಭಾಗ ಸಾಮಾನ್ಯವಾಗಿ ಕೈತಪ್ಪಿಹೋಗುತ್ತದೆ.

ಇನ್ನು ಮಗನೇ ಅಪ್ಪನಾದ ಕಾಲಕ್ಕೆ ಬರಬಹುದು. 1955ರ ನವೆಂಬರ್ 17ರಂದು ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಕಿರಿಯ ಕಿಂಗ್‌ರಿಗೆ ಮೊದಲ ಮಗಳು ಯೋಲಾಂಡಾ ಹುಟ್ಟಿದಳು. ಎರಡು ವಾರ ಕಳೆದು, ಡಿಸೆಂಬರ್ 1ರಂದು ಬಿಳಿಯರಿಗೆ ಬಸ್ಸಿನ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಅವರ ಬಂಧನವಾಯಿತು. 5ರಂದು ಬಸ್ ಬಹಿಷ್ಕಾರ ಶುರುವಾಗಿ ಅದೇ ದಿನ ಕಿಂಗ್ ಅದರ ಮುಂದಾಳಾದರು. ವಯಸ್ಸು 26. ಮಗುವಿಗೆ ಇನ್ನೂ ಮೂರು ವಾರ ತುಂಬಿರಲಿಲ್ಲ. ಡಾಕ್ಟರೇಟ್ ಪ್ರಬಂಧ ಮುಗಿಸಿ ಬಂದವರು ಸ್ವಲ್ಪ ಕಾಲ ಹೊರಗಿನ ದೊಡ್ಡ ಜವಾಬ್ದಾರಿ ಬೇಡ ಎಂದು ಹೆಂಡತಿ ಕೊರೆಟಾರೊಡನೆ ಮಾತಾಡಿಕೊಂಡು, ಕೆಲವೇ ವಾರಗಳ ಹಿಂದೆ ಇನ್ನೊಂದು ಸಂಘಟನೆಯ ಅಧ್ಯಕ್ಷ ಸ್ಥಾನವನ್ನು ಬೇಡವೆಂದಿದ್ದರು.

ಜನವರಿ 27ರ ನಡುರಾತ್ರಿ ಫೋನು ಬಡಿದುಕೊಂಡಿತು. ಊರು ಬಿಡದಿದ್ದರೆ ಮನೆ ಉಡಾಯಿಸುತ್ತೇವೆ ಎಂಬ ಬೆದರಿಕೆ. ನಿದ್ದೆ ಹಾರಿತು. ಅಡುಗೆಮನೆಗೆ ಹೋಗಿ ಕಾಫಿ ಕಾಯಿಸಿಕೊಂಡು ಮೇಜಿನ ಮುಂದೆ ಕೂತರು. ಒಳಗೆ ಮಲಗಿದ್ದ ಹೆಂಡತಿ, ಹಸುಗೂಸು ನೆನಪಾದರು. ಹೇಡಿ ಎನಿಸಿಕೊಳ್ಳದೆ ಇದರಿಂದ ಹೊರಬರುವ ದಾರಿ ಯಾವುದು ಎಂದು ಯೋಚಿಸಿದರು. ಈಗ ಅಪ್ಪನನ್ನು ಕರೆಯುವ ಹಾಗಿಲ್ಲ, ಅಪ್ಪ 175 ಮೈಲಿ ಆಚೆ ಅಟ್ಲಾಂಟಾದಲ್ಲಿದ್ದಾರೆ ಎಂದು ಅನ್ನಿಸಿದ್ದನ್ನು ಅವರು ಹನ್ನೊಂದು ವರ್ಷದ ಬಳಿಕ ಒಂದು ಪ್ರಸಂಗದಲ್ಲಿ ಹೇಳಿಕೊಂಡರು. ಕಾಫಿ ಕುಡಿಯಲಾಗಲಿಲ್ಲ, ಮೇಜಿನ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಿದರು. ಅಪ್ಪನ ಮನೆ ಕೊಡಬಹುದಾದದ್ದೆಲ್ಲ ಮುಗಿಯುವ ಗೆರೆ ಆ ಅಡುಗೆಮನೆಯಲ್ಲಿತ್ತು.

ಮೂರು ದಿನಕ್ಕೆ, 30ರ ರಾತ್ರಿ, ಜಗಲಿಯ ಮೇಲೆ ಬಾಂಬು ಬಿತ್ತು. ಏನೋ ಬಿದ್ದ ಸದ್ದು ಕೇಳಿ ಕೊರೆಟಾ ಮುಂದಿನ ಕೋಣೆಯಿಂದ ಹಿಂದಕ್ಕೆ ಸರಿದಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಸಭೆಯೊಂದರಲ್ಲಿದ್ದ ಕಿಂಗ್ ಓಡಿಬಂದಾಗ ಮನೆಯ ಮುಂದೆ ಜನಜಂಗುಳಿ, ಕೆಲವರ ಕೈಯಲ್ಲಿ ಬಂದೂಕು. ಅವರು ಮೊದಲು ಒಳಗೆ ಹೋಗಿ ಹೆಂಡತಿ ಮಗುವನ್ನು ನೋಡಿದರು. ಆಮೇಲೆ ಒಡೆದ ಜಗಲಿಗೆ ಬಂದು, ಆಯುಧ ತಂದವರು ಮನೆಗೆ ಒಯ್ಯಿರಿ, ನಮ್ಮವರೆಲ್ಲ ಕ್ಷೇಮ ಎಂದರು. ಜನ ಚದುರಿದರು. ಅಪಾಯ ಬಂದದ್ದು ಬೇರೆಯವರ ಮಗುವಿಗಾಗಿದ್ದರೆ ಅದೇ ಮಾತಿಗೆ ಅಷ್ಟು ಬೆಲೆ ಇರುತ್ತಿರಲಿಲ್ಲ. ಅಟ್ಲಾಂಟಾದಿಂದ ಅದೇ ರಾತ್ರಿ ಕಾರು ಓಡಿಸಿಕೊಂಡು ಬಂದ ಹಿರಿಯ ಕಿಂಗ್ ಹೇಳಿದ್ದು ಒಂದೇ ಮಾತು: ಊರಿಗೆ ನಡೆಯಿರಿ.

ಮಗ ಹೋಗಲಿಲ್ಲ. ಫೆಬ್ರವರಿಯಲ್ಲಿ ಬಹಿಷ್ಕಾರದ ಮುಂದಾಳುಗಳ ಮೇಲೆ ಮೊಕದ್ದಮೆ ಹೂಡಲಾಯಿತು. ಆಗ ಉಪನ್ಯಾಸಕ್ಕೆಂದು ನ್ಯಾಶ್‌ವಿಲ್‌ಗೆ ಹೋಗಿದ್ದ ಮಗ ಮರಳುವ ದಾರಿಯಲ್ಲಿ ಅಟ್ಲಾಂಟಾಕ್ಕೆ ಬಂದರು. ಅಪ್ಪ ಸುಮ್ಮನೆ ಕೂರಲಿಲ್ಲ. ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷ ಬೆಂಜಮಿನ್ ಮೇಸ್, ವಕೀಲರು, ಪತ್ರಿಕೆಯವರು, ಹೀಗೆ ಊರಿನ ದೊಡ್ಡವರನ್ನೆಲ್ಲ ಮನೆಗೆ ಕರೆಸಿದರು. ಮಾಂಟ್‌ಗೊಮರಿಗೆ ಹೋಗಬೇಡ ಎಂದು ಅವರೆಲ್ಲ ಸೇರಿ ಹುಡುಗನಿಗೆ ಬುದ್ಧಿ ಹೇಳಲಿ ಎಂಬ ಆಸೆ. ಮಗ ಎಲ್ಲರ ಮಾತು ಕೇಳಿ, ಹೋಗಲೇಬೇಕು, ಗೆಳೆಯರು ಜೈಲಿಗೆ ಹೋಗುವಾಗ ಇಲ್ಲಿ ಕೂರಲಾರೆ ಎಂದರು. ಕೋಣೆಯಲ್ಲಿ ಮಾತು ನಿಂತಿತು. ಎಬೆನೇಜರ್‌ನ ಪೀಠದಿಂದ ಗುಡುಗುತ್ತಿದ್ದ ಆ ದೊಡ್ಡ ಮೈಯ ಮನುಷ್ಯ ಎಲ್ಲರ ಮುಂದೆ ಅತ್ತರು. ಮಗ ಮೇಸ್ ಕಡೆ ನೋಡಿದರು, ಮೇಸ್ ಮಗನ ಪರ ನಿಂತರು. ಮಾರನೆಯ ಬೆಳಿಗ್ಗೆ ಮಗನ ಕಾರಿನಲ್ಲಿ ಅಪ್ಪನೂ ಹತ್ತಿ ಕೂತರು. ಮಾಂಟ್‌ಗೊಮರಿಯ ಜೈಲಿಗೆ ಶರಣಾಗಲು ಹೋದ ಮಗನ ಜೊತೆ ಬಾಗಿಲವರೆಗೂ ನಡೆದರು.

ಹಿರಿಯ ಕಿಂಗ್‌ರ ಬದುಕಿನಲ್ಲಿ ನಾಯಕತ್ವ ಎಂಬುದು ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ಆ ಬೆಳಿಗ್ಗೆ. ಮಗ ಅವರ ಮಾತು ಮೀರಿದ್ದ. ತಿಮೊಥೆಯ ಪತ್ರವನ್ನು ಬೆಂಚಿನ ಶಿಸ್ತಾಗಿ ಓದುವವರ ಲೆಕ್ಕದಲ್ಲಿ ಅಪ್ಪನಿಗೆ ಸೋಲು. ಆದರೆ ವ್ಯವಸ್ಥೆಯನ್ನು ಒಪ್ಪಬೇಡ ಎಂದು ಕಲಿಸಿದ್ದು ಅವರೇ ಅಲ್ಲವೇ?

ಸಮಾಜದ ಕೆಲಸ ಮನೆಯನ್ನು ತಿಂದುಹಾಕುವ ಬಗೆಯೂ ಇದೇ ಕಥೆಯಲ್ಲಿದೆ. ಕಿರಿಯ ಕಿಂಗ್ ನಾಲ್ಕು ಮಕ್ಕಳ ತಂದೆ. ಕೊನೆಯ ಮಗಳು ಬರ್ನೀಸ್ 1963ರ ಮಾರ್ಚ್ 28ರಂದು ಹುಟ್ಟಿದಳು, ಏಪ್ರಿಲ್ 12ರ ಶುಭ ಶುಕ್ರವಾರ ತಂದೆ ಬರ್ಮಿಂಗ್‌ಹ್ಯಾಮ್‌ನ ಜೈಲಿನಲ್ಲಿದ್ದರು. ಆ ಜೈಲಿನಿಂದ ಬರೆದ ಪ್ರಸಿದ್ಧ ಪತ್ರದಲ್ಲಿ, ಟಿ.ವಿ.ಯಲ್ಲಿ ಜಾಹೀರಾತು ಬಂದ ಮನರಂಜನಾ ಪಾರ್ಕಿಗೆ ತಾನು ಯಾಕೆ ಹೋಗುವಂತಿಲ್ಲ ಎಂದು ಕೇಳುವ ಆರು ವರ್ಷದ ಮಗಳಿಗೆ ಉತ್ತರ ಹೇಳಲಾರದೆ ನಾಲಗೆ ತಡವರಿಸುವ ತಂದೆ ಬರುತ್ತಾರೆ. ತಾಳ್ಮೆಯಿಂದ ಕಾಯಿರಿ ಎಂದು ಉಪದೇಶಿಸಿದ ಬಿಳಿಯ ಧರ್ಮಗುರುಗಳಿಗೆ ಅದಕ್ಕಿಂತ ಚುರುಕಾದ ಮರುತ್ತರ ಆ ಪತ್ರದಲ್ಲಿಲ್ಲ. ಅದೇ ತಂದೆ ಮನೆಯಲ್ಲಿ ಇರುತ್ತಿದ್ದದ್ದು ಅಪರೂಪ, ದಾಂಪತ್ಯದಲ್ಲಿ ಎಡವಿದ್ದೂ ಈಗ ಮುಚ್ಚುಮರೆಯ ಸಂಗತಿಯಲ್ಲ. ಮನೆ ನಿಂತದ್ದು ಕೊರೆಟಾರಿಂದ.

ಕರ್ನಾಟಕದ ಕ್ರೈಸ್ತ ಚರಿತ್ರೆಯೂ ಈ ಮಾತಿನಿಂದ ತಪ್ಪಿಸಿಕೊಳ್ಳುವಂತಿಲ್ಲ. 1817ರಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ ಶ್ರೀರಾಂಪುರದ ಮಿಷನರಿ ವಿಲಿಯಂ ಕೇರಿಯ ಗಂಡುಮಕ್ಕಳು ಹೇಳುವವರು ಕೇಳುವವರಿಲ್ಲದೆ ಬೆಳೆಯುತ್ತಿದ್ದರು. ಅವರನ್ನು ದಾರಿಗೆ ತಂದವರು ಕೇರಿಯ ಜೊತೆಗಾರರಾದ ಹನ್ನಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್, 1853ರಲ್ಲಿ ಬಾಸೆಲ್‌ನಲ್ಲಿ ಮಿಷನರಿಗಳ ಮಕ್ಕಳಿಗಾಗಿಯೇ ಒಂದು ನಿಲಯ ತೆರೆಯಿತು. ಇಲ್ಲಿ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ಕಟ್ಟುತ್ತಿದ್ದ ತಂದೆಯರು ಎಳೆಯ ಮಕ್ಕಳನ್ನು ಹಡಗು ಹತ್ತಿಸಿ ಅಲ್ಲಿಗೆ ಕಳಿಸಿ, ವರ್ಷಗಟ್ಟಲೆ ಕಾಗದದಲ್ಲೇ ಅವರ ಮುಖ ನೋಡಿದರು. ಊರ ಮಕ್ಕಳಿಗೆಲ್ಲ ತಂದೆಯಾದವರು ಸ್ವಂತ ಮಕ್ಕಳಿಗೆ ಅಪರಿಚಿತರಾದರು. ಕನ್ನಡದ ಕೆಲಸಕ್ಕಾಗಿ ಅವರಿಗೆ ಸಲ್ಲುವ ಗೌರವದಲ್ಲಿ ಆ ಮಕ್ಕಳ ಪಾಲೂ ಇದೆ ಎಂದು ಯಾವ ಶತಮಾನೋತ್ಸವದ ಸ್ಮರಣ ಸಂಚಿಕೆಯಾದರೂ ಒಂದು ಪುಟ ಮೀಸಲಿಟ್ಟರೆ ತಪ್ಪೇನಿಲ್ಲ.

ತಂದೆತನ ಅಧಿಕಾರಕ್ಕೆ ಗಂಡಸರಷ್ಟೇ ಪಡೆಯಬಹುದಾದ ರಹದಾರಿ ಎಂದು ಇದರಿಂದ ಯಾರೂ ತಿಳಿಯಬೇಕಾಗಿಲ್ಲ. ಪೌಲನಿಗೆ ಮಕ್ಕಳಿರಲಿಲ್ಲ. ದಕ್ಷಿಣ ಭಾರತ ಸಭೆ 2013ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತಾ ಅವರನ್ನು ಬಿಷಪ್ಪರಾಗಿ ಅಭಿಷೇಕಿಸಿತು. ಮನೆ ಕಲಿಸುವ ಪಾಠವನ್ನು ಅಮ್ಮಂದಿರು, ಅಕ್ಕಂದಿರು, ಅನಾಥಾಲಯದ ಮೇಲ್ವಿಚಾರಕಿಯರು ಅಪ್ಪಂದಿರಷ್ಟೇ ಕಲಿತಿರುತ್ತಾರೆ, ಹಲವೊಮ್ಮೆ ಹೆಚ್ಚಾಗಿಯೇ.

ಹಿರಿಯ ಕಿಂಗ್ ಮಗನನ್ನು 1968ರಲ್ಲಿ ಗುಂಡಿಗೆ, ಇನ್ನೊಬ್ಬ ಮಗನನ್ನು 1969ರಲ್ಲಿ ಈಜುಕೊಳಕ್ಕೆ ಕಳೆದುಕೊಂಡರು. 1974ರ ಜೂನ್ 30ರ ಭಾನುವಾರ ಆರಾಧನೆ ನಡೆಯುತ್ತಿದ್ದಾಗಲೇ ಆರ್ಗನ್ ನುಡಿಸುತ್ತಿದ್ದ ಹೆಂಡತಿಯನ್ನು ಒಬ್ಬ ಗುಂಡಿಟ್ಟು ಕೊಂದ. ಅದಾದ ಮೇಲೂ ಅವರು ಯಾರ ಮೇಲೂ ದ್ವೇಷವಿಲ್ಲ ಎಂದೇ ಹೇಳುತ್ತ ಬಂದರು, 1975ರವರೆಗೂ ಅದೇ ಸಭೆಯನ್ನು ನಡೆಸಿದರು.

ನಮ್ಮ ಸಭೆಗಳಲ್ಲಿ ಹಿರಿಯರ ಚುನಾವಣೆ ಬಂದಾಗ ಅಭ್ಯರ್ಥಿಯ ವಂಶ, ವರಮಾನ, ಕಾಣಿಕೆ, ಕಟ್ಟಡ ನಿಧಿಗೆ ಕೊಟ್ಟ ಮೊತ್ತ ಎಲ್ಲವೂ ಚರ್ಚೆಯಾಗುತ್ತದೆ. ಅದರ ಜೊತೆ ಇನ್ನೊಂದನ್ನೂ ವಿಚಾರಿಸಿ. ಅವರ ಮಕ್ಕಳು ಅವರೆದುರು ಇಲ್ಲ ಎಂದು ಹೇಳಬಲ್ಲರೇ, ಹೇಳಿದಾಗ ಅವರು ಏನು ಮಾಡುತ್ತಾರೆ ಎಂದು ಕೇಳಿ ತಿಳಿದುಕೊಂಡು ಆಮೇಲೆ ಮತ ಹಾಕಿ.